ನನ್ನ ಮಾತು ಮುಗಿಯುವವರೆಗೆ ಇರಿ: ಸೆರೆಬ್ರಲ್ ಪಾಲ್ಸಿ ಇರುವವರೊಡನೆ ಒಡನಾಡುವ ಬಗೆ

ಔಷಧಿ ಅಂಗಡಿಯ ಮುಂದೆ ನಾನು ನಿಂತಿದ್ದೇನೆ, ಪಕ್ಕದಲ್ಲಿ ತಂಗಿ. ಚೀಟಿ ನನ್ನ ಕೈಯಲ್ಲಿದೆ, ಹಣ ನನ್ನ ಚೀಲದಲ್ಲಿದೆ. ಅಂಗಡಿಯವರು ತಂಗಿಯ ಮುಖ ನೋಡಿ ಕೇಳುತ್ತಾರೆ: “ಇವಳಿಗೆ ಏನು ಬೇಕಂತೆ, ನೋಡಿ ಹೇಳಿ.” ನನಗೆ 36 ವರ್ಷ, ತಂಗಿ ಐದು ವರ್ಷ ಚಿಕ್ಕವಳು. ಅವಳಿಗೆ ಬಹುವಚನ, ನನಗೆ ಏಕವಚನ. ಮೈಸೂರಿನಲ್ಲಿ ಹನ್ನೆರಡು ವರ್ಷಗಳಿಂದ ಪುಸ್ತಕಗಳ ಕರಡು ತಿದ್ದಿ ಸಂಪಾದಿಸುತ್ತಿರುವ ನನಗೆ ಆ ಒಂದು ‘ಇವಳು’ ಕಾಲುನೋವಿಗಿಂತ ಹೆಚ್ಚು ನೋಯುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಗುರುತಿಲ್ಲದ ಹಿರಿಯರನ್ನೆಲ್ಲ ‘ನೀವು’ ಎನ್ನುವವರು ಸೆರೆಬ್ರಲ್ ಪಾಲ್ಸಿ ಇರುವ ನಮ್ಮನ್ನೂ ‘ನೀವು’ ಎನ್ನಿ. ನಮ್ಮ ವಿಷಯವನ್ನು ನಮ್ಮನ್ನೇ ಕೇಳಿ, ಜೊತೆಗೆ ಬಂದವರನ್ನಲ್ಲ.

ಇದು ಏನು ಎಂಬುದು ಗೊತ್ತಿದ್ದರೆ ಭಯ ಕಡಿಮೆಯಾಗುತ್ತದೆ. ಹುಟ್ಟುವ ಮುನ್ನ, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ, ಬೆಳೆಯುತ್ತಿರುವ ಮಿದುಳಿಗೆ ಪೆಟ್ಟಾಗಿ ಚಲನೆಯ ಮೇಲಿನ ಹಿಡಿತ ತಪ್ಪುವುದೇ ಸೆರೆಬ್ರಲ್ ಪಾಲ್ಸಿ. ಅಂಟುವ ಕಾಯಿಲೆಯಲ್ಲ. ಮಿದುಳಿಗಾದ ಪೆಟ್ಟು ಬೆಳೆಯುತ್ತ ಹೋಗುವುದಿಲ್ಲ, ಆದರೆ ಸ್ನಾಯುಗಳೂ ಕೀಲುಗಳೂ ವರ್ಷ ಕಳೆದಂತೆ ಸೋಲುತ್ತವೆ. ಕೆಲವರಿಗೆ ಕಲಿಯಲು, ಗ್ರಹಿಸಲು ಕಷ್ಟವಿರುತ್ತದೆ, ಅನೇಕರಿಗೆ ಇರುವುದಿಲ್ಲ. ಇದ್ದವರಿಗೂ ಮರ್ಯಾದೆ ಅಷ್ಟೇ ಸಲ್ಲಬೇಕು. ನನಗೆ ಎರಡು ಕಾಲು, ಬಲಗೈ ಮತ್ತು ನಾಲಿಗೆಯಲ್ಲಿ ಬಿಗಿತವಿದೆ. ಎರಡು ಊರುಗೋಲುಗಳ ಮೇಲೆ ನಡೆಯುತ್ತೇನೆ.

ಕಾಲಿನ ವಿಷಯ ಜನರಿಗೆ ಬೇಗ ತಿಳಿಯುತ್ತದೆ. ಕಷ್ಟವಿರುವುದು ಮಾತಿನಲ್ಲಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕ್ಕಂದಿನಲ್ಲಿ ನನಗೆ ಕಲಿಸಿದ್ದು ಇದು: ಉಸಿರು ತುಂಬಿಕೊಂಡು ಎರಡೋ ಮೂರೋ ಪದ ಹೇಳು, ನಿಲ್ಲು, ಮತ್ತೆ ಉಸಿರು ತೆಗೆದುಕೋ. ಈ ನಿಲುಗಡೆಯಲ್ಲೇ ಎದುರಿನವರು ನನ್ನ ಮಾತು ಮುಗಿಯಿತೆಂದು ತಿಳಿದು ತಮ್ಮ ಮಾತು ಶುರುಮಾಡುತ್ತಾರೆ. ಮುಗಿದಿರುವುದಿಲ್ಲ. ನನ್ನ ಮುಖ ನೋಡುತ್ತಿರಿ, ಇನ್ನೂ ಇದೆಯೋ ಇಲ್ಲವೋ ಅಲ್ಲಿ ಕಾಣುತ್ತದೆ. ಒತ್ತಕ್ಷರಗಳು ನನಗೆ ಒಲಿಯುವುದಿಲ್ಲ. ‘ಪ್ರಶ್ನೆ’ ಎನ್ನಲು ಹೋದರೆ ‘ಪಶನೆ’ ಎಂದಾಗುತ್ತದೆ. ಒಂದು ಪದದಲ್ಲೇ ತಡವರಿಸಿ ನಿಲ್ಲದೆ ಇಡೀ ವಾಕ್ಯ ಕೇಳಿಸಿಕೊಂಡರೆ ಬಿಟ್ಟುಹೋದದ್ದು ತಾನಾಗಿ ತುಂಬಿಕೊಳ್ಳುತ್ತದೆ. ಹತ್ತು ನಿಮಿಷ ಜೊತೆಗಿದ್ದವರಿಗೆ ನನ್ನ ಉಚ್ಚಾರ ರೂಢಿಯಾಗಿಬಿಡುತ್ತದೆ. ಗಿರಣಿ, ಮಿಕ್ಸಿ, ಧ್ವನಿವರ್ಧಕದ ಸದ್ದು ಇರುವಲ್ಲಿ ಮಾತ್ರ ಸ್ವಲ್ಪ ದೂರ ಹೋಗೋಣ.

ಅರ್ಥವಾಗದಿದ್ದರೆ ಅರ್ಥವಾದಂತೆ ತಲೆಯಾಡಿಸಬೇಡಿ. ಒಮ್ಮೆ ಆಟೋದಲ್ಲಿ “ಸರಸ್ವತೀಪುರಂ” ಎಂದೆ. ಚಾಲಕರು “ಆಯಿತು” ಎಂದು ಸಿದ್ಧಾರ್ಥನಗರದ ಕಡೆ ಹೊರಟರು. ಕೇಳಿದರೆ ನನಗೆ ಬೇಸರವಾದೀತು ಎಂದುಕೊಂಡಿದ್ದರಂತೆ. ಕೇಳಿದರೆ ಬೇಸರವಿಲ್ಲ. “ನಿಮ್ಮ ಮಾತಿನಲ್ಲಿ ಇಷ್ಟು ತಿಳಿಯಿತು, ಮುಂದಿನದು ತಿಳಿಯಲಿಲ್ಲ” ಎನ್ನಿ. ಆಗ ಇಡೀ ಮಾತನ್ನು ಮೊದಲಿನಿಂದ ಹೇಳುವ ಶ್ರಮ ನನಗೆ ತಪ್ಪುತ್ತದೆ. ಮೂರನೆಯ ಸಲವೂ ತಿಳಿಯದಿದ್ದರೆ ಮೊಬೈಲಿನಲ್ಲಿ ಬರೆದು ತೋರಿಸುತ್ತೇನೆ. ಎಡಗೈಯ ಒಂದೇ ಬೆರಳಿನ ಕೆಲಸ, ನಿಧಾನ. ಹೆಗಲ ಮೇಲಿಂದ ಬಗ್ಗಿ ಅರ್ಧ ಪದ ಓದಿ ಊಹಿಸಬೇಡಿ. ಗಟ್ಟಿಯಾಗಿ ಕೂಗಿ ಮಾತನಾಡುವುದೂ ಬೇಡ, ನನ್ನ ಕಿವಿ ಚೆನ್ನಾಗಿದೆ.

ಮುಟ್ಟುವ ಮುನ್ನ ಕೇಳಿ. ಮೆಟ್ಟಿಲ ಬಳಿ ನಾನು ನಿಂತದ್ದು ಕಂಡ ಕೂಡಲೇ ಯಾರಾದರೂ ಹಿಂದಿನಿಂದ ಬಂದು ತೋಳು ಹಿಡಿದು ಎತ್ತುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಅನಿರೀಕ್ಷಿತವಾಗಿ ಮುಟ್ಟಿದರೆ ನಮ್ಮಲ್ಲಿ ಅನೇಕರ ಸ್ನಾಯುಗಳು ತಟ್ಟನೆ ಬಿಗಿಯುತ್ತವೆ, ಊರುಗೋಲು ಜಾರುತ್ತದೆ. ನಾನು ಬಿದ್ದಿರುವುದು ಹೆಚ್ಚಾಗಿ ಹೀಗೆಯೇ. ಹೆಣ್ಣಾಗಿ ಇನ್ನೊಂದು ಮಾತೂ ಹೇಳಬೇಕು: ಅಪರಿಚಿತ ಗಂಡಸು ಬೇರೆ ಯಾವ ಹೆಂಗಸಿನ ತೋಳನ್ನು ಹೀಗೆ ಕೇಳದೆ ಹಿಡಿದಾನು? ಮುಂದೆ ಬಂದು ನಿಂತು “ಸಹಾಯ ಬೇಕೇ, ಹೇಗೆ ಮಾಡಲಿ?” ಎನ್ನಿ. ಬೇಡವೆಂದರೆ ಬೇಡ. ಬೇಕೆಂದರೆ ನಿಮ್ಮ ಮೊಣಕೈ ಚಾಚಿ, ಹಿಡಿಯುವವಳು ನಾನಾಗಿರಲಿ.

ಜೀಜಾ ಘೋಷ್ ಅವರಿಗೆ ಆದದ್ದನ್ನು ನಾನು ಆಗಾಗ ನೆನೆಯುತ್ತೇನೆ. ಕೋಲ್ಕತ್ತದ ಅವರಿಗೂ ಸೆರೆಬ್ರಲ್ ಪಾಲ್ಸಿ. 2012ರಲ್ಲಿ ಗೋವಾದ ಸಮ್ಮೇಳನಕ್ಕೆ ಹೊರಟಿದ್ದ ಅವರನ್ನು ಆಸನದಲ್ಲಿ ಕುಳಿತ ಮೇಲೆ ವಿಮಾನದಿಂದ ಇಳಿಸಿದರು. 2016ರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅದೇ ವರ್ಷ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ ನಮ್ಮಂಥವರ ಕೈಯಲ್ಲಿರಲೇಬೇಕು. ಬ್ಯಾಂಕಿನಲ್ಲಿ “ಪೋಷಕರನ್ನು ಕರೆದುಕೊಂಡು ಬನ್ನಿ” ಎಂದಾಗ ನಾನು ತೋರಿಸಿದ್ದು ಅದರ 13ನೇ ಸೆಕ್ಷನ್: ಆಸ್ತಿ ಹೊಂದುವ, ಹಣದ ವ್ಯವಹಾರವನ್ನು ತಾವೇ ನಡೆಸುವ ಹಕ್ಕು ನಮಗೂ ಇದೆ. ನನ್ನ ಸಹಿ ಒಂದು ದಿನದಂತೆ ಇನ್ನೊಂದು ದಿನ ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತೇನೆ. ಹೆಬ್ಬೆಟ್ಟು ಕಂಡು ಓದು ಬಾರದವಳೆಂದು ತಿಳಿಯಬೇಡಿ. ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ 92ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆಯಿದೆ. ಹಳ್ಳಿಯಲ್ಲಿರುವವರು ವಿಕಲಚೇತನರ ಗುರುತಿನ ಚೀಟಿಗಾಗಿ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ.

ಮದುವೆಮನೆಯಲ್ಲಿ ನನ್ನನ್ನು ನೋಡಿ “ಪಾಪ” ಎನ್ನಬೇಡಿ, ಅಮ್ಮನ ಎದುರಿಗೆ ಪೂರ್ವಜನ್ಮದ ಮಾತಂತೂ ಬೇಡವೇ ಬೇಡ. ಅಮ್ಮ ಆ ರಾತ್ರಿ ಊಟ ಮಾಡುವುದಿಲ್ಲ. ದೇವಸ್ಥಾನದ ಬಾಗಿಲಲ್ಲಿ ಕೈಗೆ ನಾಣ್ಯ ತುರುಕಬೇಡಿ, ನಾನೂ ನಿಮ್ಮಂತೆ ದರ್ಶನಕ್ಕೆ ಬಂದವಳು. ಪಕ್ಕದಲ್ಲಿ ಕುಳಿತು ಸೀರೆ ಎಲ್ಲಿ ತೆಗೆದುಕೊಂಡೆ, ಈಗ ಯಾವ ಪುಸ್ತಕದ ಕರಡು ನೋಡುತ್ತಿದ್ದೇನೆ ಎಂದು ಕೇಳಿ. ಮಕ್ಕಳು “ಆಂಟಿ, ನಿಮ್ಮ ಕಾಲು ಯಾಕೆ ಹೀಗೆ?” ಎಂದರೆ ಬಾಯಿ ಮುಚ್ಚಿಸಿ ಎಳೆದುಕೊಂಡು ಹೋಗಬೇಡಿ. ಉತ್ತರ ನನ್ನ ಹತ್ತಿರ ಇದೆ.

ಊಟಕ್ಕೆ ಕರೆದಾಗ ಬೆನ್ನೊರಗುವ ಕುರ್ಚಿ ಇರಲಿ. ಕಾಫಿ ಅರ್ಧ ಲೋಟ ಸಾಕು, ಹಿಡಿ ಇರುವ ಕಪ್ಪಾದರೆ ಇನ್ನೂ ಒಳ್ಳೆಯದು. ಚೆಲ್ಲಿದರೆ ಒಂದು ಬಟ್ಟೆ ಕೊಡಿ, ನಾನೇ ಒರೆಸುತ್ತೇನೆ. ನೀವು ನಮ್ಮ ಮನೆಗೆ ಬಂದರೆ ಡಿಕಾಕ್ಷನ್ ಇಳಿಸಿ ಕಾಫಿ ಬೆರೆಸುವವಳು ನಾನೇ. ಊರುಗೋಲು ಹಿಡಿದ ಕೈಗಳಲ್ಲಿ ಲೋಟ ತರಲಾಗುವುದಿಲ್ಲ. ಅಡುಗೆಮನೆಯವರೆಗೆ ಬಂದು ನಿಮ್ಮದನ್ನೂ ನನ್ನದನ್ನೂ ನೀವೇ ತೆಗೆದುಕೊಂಡು ಬನ್ನಿ.