ಕಲಂ 3ಕ್ಕೆ ಸಿಕ್ಕಿಬೀಳುವ ಕ್ಲೇಮು ಇದ್ದರೆ ಪೇಟೆಂಟ್ ಹುಡುಕಾಟ ಹೇಗೆ?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತೋಟಗಳಿಗೆಂದು ಅಡಿಕೆ ಮರ ಹತ್ತಿ ಗೊನೆಗೆ ಮದ್ದು ಬಿಡುವ ಯಂತ್ರವೊಂದು ತಯಾರಾಗಿದೆ ಎಂದಿಟ್ಟುಕೊಳ್ಳಿ. ಅರ್ಜಿಯ ಕರಡಿನಲ್ಲಿ ನಾಲ್ಕು ಕ್ಲೇಮು (ಇದು ನಮ್ಮದೆಂದು ಹಕ್ಕು ಕೇಳುವ ಅಂಶ): ಯಂತ್ರ; ಮಳೆ ಹಿಡಿಯುವ ಮೊದಲೊಮ್ಮೆ, 40–45 ದಿನ ಕಳೆದು ಇನ್ನೊಮ್ಮೆ ಮದ್ದು ಬಿಟ್ಟು ಕೊಳೆರೋಗ ತಡೆಯುವ ಕ್ರಮ; ಬೋರ್ಡೋ ದ್ರಾವಣಕ್ಕೆ ಹೊಸದೊಂದು ಅಂಟು ಸೇರಿಸಿದ ಮಿಶ್ರಣ; ಯಾವ ಮರಕ್ಕೆ ಯಾವಾಗ ಬಿಡಬೇಕೆಂದು ಲೆಕ್ಕ ಹಾಕುವ ಆ್ಯಪ್.

1970ರ ಪೇಟೆಂಟ್ ಕಾಯ್ದೆಯ ಕಲಂ 3 ಎಂದರೆ ಪೇಟೆಂಟ್ ಕೊಡಲಾಗದ ವಿಷಯಗಳ ಪಟ್ಟಿ. ಅದರಂತೆ ಕೃಷಿ ವಿಧಾನ 3(ಎಚ್)ಗೆ, ಬರಿಯ ಮಿಶ್ರಣ 3(ಇ)ಗೆ, ಬರಿಯ ಕಂಪ್ಯೂಟರ್ ಪ್ರೋಗ್ರಾಂ 3(ಕೆ)ಗೆ ಬೀಳುತ್ತದೆ. ಹಾಗೆಂದು ಮೂರನ್ನೂ ಬದಿಗಿಟ್ಟು ಯಂತ್ರದಂಥದ್ದು ಮೊದಲೇ ಇದೆಯೇ ಎಂದಷ್ಟೇ ಹುಡುಕಿದರೆ ಕೆಲಸ ಅರ್ಧವೇ ಆದದ್ದು. ಆಕ್ಷೇಪ ಬಂದ ಮೇಲೆ ಕ್ಲೇಮನ್ನು ಕಿರಿದು ಮಾಡಿ ಉಳಿಸಿಕೊಳ್ಳಲು ನೋಡುತ್ತೀರಿ. ಆ ಉಳಿದ ತುಂಡನ್ನು ಮೊದಲೇ ಹುಡುಕಿರದಿದ್ದರೆ ಅಲ್ಲೇ ಎಡವುವುದು. ಹಾಗಾಗಿ ಒಂದೊಂದು ಕ್ಲೇಮಿನ ಎದುರೂ ಒಂದೇ ಪ್ರಶ್ನೆ ಬರೆದುಕೊಳ್ಳಿ: ನಿಷೇಧದ ಭಾಗ ತೆಗೆದರೆ ಏನು ಉಳಿಯುತ್ತದೆ?

ಮದ್ದು ಬಿಡುವ ಕ್ರಮದಲ್ಲಿ ಏನೂ ಉಳಿಯದು. ಆ ದಿನಗಳ ಲೆಕ್ಕವೂ ಹಳೆಯ ಶಿಫಾರಸೇ. "3(ಎಚ್), ಹುಡುಕಿಲ್ಲ" ಎಂದು ಬರೆದು ಮುಂದೆ ಹೋಗಿ. ಆದರೆ ಪಿಸಿಟಿ (ಹಲವು ದೇಶಗಳಿಗೆ ಒಟ್ಟಿಗೆ ಹಾಕುವ ಅಂತರರಾಷ್ಟ್ರೀಯ) ಅರ್ಜಿಯ ಯೋಚನೆ ಇದ್ದರೆ ಹುಡುಕಲೇಬೇಕು. ಹುಡುಕದೆ ಬಿಡಬಹುದಾದ ವಿಷಯಗಳ ಪಟ್ಟಿ ಪಿಸಿಟಿ ನಿಯಮ 39ರಲ್ಲಿದೆ. ಚಿಕಿತ್ಸಾ ವಿಧಾನ, ವ್ಯಾಪಾರ ವಿಧಾನ ಅದರಲ್ಲಿವೆ, ಕೃಷಿ ವಿಧಾನ ಇಲ್ಲ.

ಮಿಶ್ರಣವನ್ನು ಪೂರ್ತಿ ಹುಡುಕಿ. ಪೇಟೆಂಟ್ ದಾಖಲೆಗಳನ್ನು ವಿಷಯವಾರು ವಿಂಗಡಿಸುವ ಅಂತರರಾಷ್ಟ್ರೀಯ ಸಂಕೇತಗಳಲ್ಲಿ ತಾಮ್ರದ ಮದ್ದುಗಳ ವರ್ಗ ಎ01ಎನ್ 59/20. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಅಳತೆಯಲ್ಲಿ ಹೊಸತೇನಿಲ್ಲ. ರಾಳದ ಅಂಟೂ ಹಳೆಯದೇ. 3(ಇ) ದಾಟಬೇಕಾದರೆ ದ್ರಾವಣ ಮಾತ್ರ, ಅಂಟು ಮಾತ್ರ, ಎರಡೂ ಸೇರಿದ್ದು, ಹೀಗೆ ಮೂರನ್ನೂ ಬೇರೆ ಬೇರೆ ಮರಗಳಿಗೆ ಬಿಟ್ಟ ಫಲಿತಾಂಶ ವಿವರಣೆಯಲ್ಲಿ ಇರಲಿ. ಸೇರಿದ್ದರ ಗುಣ ಬಿಡಿಬಿಡಿಯಾದವುಗಳ ಮೊತ್ತಕ್ಕಿಂತ ಹೆಚ್ಚು ಕಾಣಬೇಕು.

ಆ್ಯಪಿನಲ್ಲಿ ಲೆಕ್ಕವನ್ನು ತೆಗೆದು ನೋಡಿ. ತೇವ ಅಳೆಯುವ ಸೆನ್ಸರ್ ಹೇಳಿದಂತೆ ವಾಲ್ವ್ ತೆರೆಯುತ್ತದೆಯೆ? ಅದು ಯಂತ್ರದ ಭಾಗ. ಬಿ05ಬಿ 12/00 ಮತ್ತು ಎ01ಎಂ 7/00ರಲ್ಲಿ ಹುಡುಕಿ. ಬರಿಯ ದಿನಾಂಕ ತೋರಿಸುವುದಾದರೆ ಜಿ06ಕ್ಯೂ 50/02 ಕಡೆ ಒಮ್ಮೆ ಕಣ್ಣಾಡಿಸಿದರೆ ಸಾಕು.

ಇನ್ನು ಯಂತ್ರ. ಮರ ಹತ್ತುವ ಸಾಧನಗಳು ಕೃಷಿ ವರ್ಗದಲ್ಲಲ್ಲ, ಆಟೋಟದ ವರ್ಗದಲ್ಲಿ, ಎ63ಬಿ 27/00ರಲ್ಲಿ ಕೂತಿವೆ. ಎ01ರಲ್ಲಷ್ಟೇ ತಡಕಾಡಿ "ಏನೂ ಇಲ್ಲ" ಎಂದು ಖುಷಿಪಡುವವರು ಜಾರುವುದು ಇಲ್ಲೇ. ಭಾರತೀಯ ಪೇಟೆಂಟ್ ಕಚೇರಿಯ ಹುಡುಕು ತಾಣ ಇನ್‌ಪಾಸ್‌ನಲ್ಲಿ 'ಅರೆಕಾನಟ್' ಎಂದು ಇಂಗ್ಲಿಷಿನಲ್ಲಿ ಕೂಡಿಸಿಯೂ ಬಿಡಿಸಿಯೂ ಹಾಕಿ. 'ಬೀಟಲ್‌ನಟ್', 'ಕೋಕನಟ್', 'ಪಾಮ್', 'ಪೋಲ್' ಕೂಡ ಬೇಕು. ತೆಂಗಿನ ಮರ ಹತ್ತುವ ಯಂತ್ರ ನಿಮ್ಮದನ್ನು ಆರಾಮವಾಗಿ ಹೊಡೆದುಹಾಕಬಲ್ಲದು. ಚೀನಾದ ಹೈನಾನ್‌ನಲ್ಲೂ ಅಡಿಕೆ ಉಂಟು, ಆದ್ದರಿಂದ ಯುರೋಪಿನ ಪೇಟೆಂಟ್ ಕಚೇರಿಯ ಹುಡುಕು ತಾಣ ಎಸ್ಪೇಸ್‌ನೆಟ್‌ನಲ್ಲಿ ಚೀನೀ ದಾಖಲೆಗಳನ್ನು ಅನುವಾದದೊಂದಿಗೆ ನೋಡಿ.

ಪೇಟೆಂಟ್ ಅಲ್ಲದ ಮೂಲಗಳನ್ನೂ ಬಿಡಬೇಡಿ: ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಪ್ರಕಟಣೆಗಳು, ಕನ್ನಡ–ಮಲಯಾಳ ಕೃಷಿ ಮಾಸಿಕಗಳು, ಯೂಟ್ಯೂಬ್ ವಿಡಿಯೋಗಳು (ಹಾಕಿದ ದಿನಾಂಕ ಗುರುತಿಸಿಕೊಳ್ಳಿ). ಕಲಂ 25(1)(ಕೆ) ಪ್ರಕಾರ ಸ್ಥಳೀಯ ಸಮುದಾಯದ ಬಾಯಿಮಾತಿನ ತಿಳಿವಳಿಕೆಯೂ ಪೇಟೆಂಟ್ ಕೊಡಬೇಡಿ ಎಂದು ವಿರೋಧಿಸಲು ಆಧಾರ. ಊರಿನ ಹಿರಿಯ ಕೃಷಿಕರು "ಇದು ನಮ್ಮ ಅಜ್ಜನ ಕಾಲದ್ದು" ಎಂದರೆ ನಕ್ಕು ಬಿಡುವ ಮಾತಲ್ಲ.

ಹುಡುಕಿದ ಪದ, ವರ್ಗ, ದಿನಾಂಕವನ್ನು ಕ್ಲೇಮುವಾರು ಬರೆದಿಡಿ. ಹುಡುಕದೆ ಬಿಟ್ಟಲ್ಲಿ ಕಾರಣವನ್ನೂ ಬರೆಯಿರಿ. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳವರೆಗೆ ಪ್ರಕಟವಾಗುವುದಿಲ್ಲವಾದ್ದರಿಂದ ಇಂದು ಕಾಣದ್ದು ನಾಳೆ ಎದ್ದು ಬರಬಹುದು. ಚೆನ್ನೈ ಕಚೇರಿಗೆ ಅರ್ಜಿ ಹಾಕಿ 18 ತಿಂಗಳಾದ ಮೇಲೆ ಅದೇ ಪದಗಳನ್ನು ಹಾಕಿ ಇನ್ನೊಮ್ಮೆ ಹುಡುಕಿ.