ಕುದಿಸದಿದ್ದರೆ ಅದು ಬೇಗಲ್ ಅಲ್ಲ

ಬೇಗಲ್ ಅಂದರೆ ಬಳೆಯ ಆಕಾರದ, ಕುದಿಸಿ ಆಮೇಲೆ ಸುಡುವ ಬ್ರೆಡ್. ನ್ಯೂಜೆರ್ಸಿಯಲ್ಲಿ ಅದರ ಅಂಗಡಿ ಇಲ್ಲದ ಊರು ಹುಡುಕುವುದು ಕಷ್ಟ. ಹಾಗಿದ್ದೂ ಮನೆಯಲ್ಲಿ ಯಾಕೆ ಮಾಡುತ್ತೀಯ ಅಂತ ಗೆಳತಿಯರು ಕೇಳುತ್ತಾರೆ. ಅಂಗಡಿಯವು ಈಗೀಗ ದಪ್ಪಗೆ ಉಬ್ಬಿಕೊಂಡು ಮೆತ್ತಗಿರುತ್ತವೆ. ನನಗೆ ಬೇಕಾದ್ದು ಹಲ್ಲಿಗೆ ಕೆಲಸ ಕೊಡುವ, ಅಂಗೈ ಅಗಲದ, ಮೈ ಹೊಳೆಯುವ ಬೇಗಲ್. ಅದಕ್ಕೆ ಶನಿವಾರ ಸಂಜೆ ಹಿಟ್ಟು ನಾದಿ ಭಾನುವಾರ ಬೆಳಿಗ್ಗೆ ಸುಡುತ್ತೇನೆ.

ನನ್ನ ಅಳತೆ ಇದು: ಬ್ರೆಡ್ ಫ್ಲೋರ್ (ಪ್ರೋಟೀನ್ ಹೆಚ್ಚಿರುವ ಗೋಧಿ ಹಿಟ್ಟು) 500 ಗ್ರಾಂ, ನೀರು 280 ಗ್ರಾಂ, ಉಪ್ಪು 10 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 3 ಗ್ರಾಂ, ಬಾರ್ಲಿ ಮಾಲ್ಟ್ ಸಿರಪ್ (ಮೊಳಕೆ ಬರಿಸಿದ ಬಾರ್ಲಿಯ ಪಾಕ) ಒಂದು ಚಮಚ. ಎಂಟು ಬೇಗಲ್ ಆಗುತ್ತವೆ. ಹಿಟ್ಟಿನಲ್ಲಿ ಪ್ರೋಟೀನ್ ಕನಿಷ್ಠ 12.5 ಪರ್ಸೆಂಟ್ ಇರಲಿ. ಬೇಗಲ್ ಅಂಗಡಿಯವರು 14ರ ಹತ್ತಿರದ್ದನ್ನು ಬಳಸುತ್ತಾರೆ. ನೀರು ಕಡಿಮೆ ಇರುವುದರಿಂದ ಹಿಟ್ಟು ತುಂಬಾ ಗಟ್ಟಿ. ಸಣ್ಣ ಮಿಕ್ಸರ್ ಆದರೆ ಮೋಟರ್ ಬಿಸಿಯಾಗುತ್ತದೆ, ಹತ್ತು ಹನ್ನೆರಡು ನಿಮಿಷ ಕೈಯಲ್ಲೇ ನಾದುವುದು ವಾಸಿ. ಒಂದು ಗಂಟೆ ಮುಚ್ಚಿಟ್ಟು, ಎಂಟು ಉಂಡೆ ಮಾಡಿ, ಒಂದೊಂದನ್ನೂ ಕೋಡುಬಳೆಗೆ ಹೊಸೆದ ಹಾಗೆ ಹೊಸೆಯಬೇಕು. ಹೊಸೆದಿದ್ದನ್ನು ಬೆರಳುಗಳ ಸುತ್ತ ಸುತ್ತಿ, ಎರಡೂ ತುದಿ ಅಂಗೈ ಕೆಳಗೆ ಬರುವ ಹಾಗೆ ಹಿಡಿದು ಮಣೆಯ ಮೇಲೆ ಉರುಳಿಸಿದರೆ ಕೂಡಿಕೊಳ್ಳುತ್ತವೆ. ಉಂಡೆಗೆ ಬೆರಳಿನಿಂದ ತೂತು ಮಾಡುವುದು ಸುಲಭದ ದಾರಿ. ಆದರೆ ಹೊಸೆದಿದ್ದಕ್ಕೆ ಬರುವ ಬಿಗಿ ಅದಕ್ಕೆ ಬರುವುದಿಲ್ಲ.

ಆಮೇಲೆ ರಾತ್ರಿಯಿಡೀ ಫ್ರಿಜ್‌ನಲ್ಲಿ. ಅವಸರದವರು ಇದನ್ನೇ ಬಿಡುತ್ತಾರೆ, ರುಚಿ ಬರುವುದೇ ಇಲ್ಲಿ. ತಣ್ಣಗಿರುವಾಗ ಯೀಸ್ಟ್ ನಿಧಾನವಾಗಿ ಕೆಲಸ ಮಾಡುತ್ತದೆ, ಹಿಟ್ಟಿಗೆ ಸ್ವಲ್ಪ ಹುಳಿ, ಸ್ವಲ್ಪ ಘಮ ಸೇರುತ್ತದೆ. ಬೇಗಲ್ ಮೈಮೇಲೆ ಕಾಣುವ ಸಣ್ಣ ಸಣ್ಣ ಗುಳ್ಳೆಗಳೂ ಈ ತಣ್ಣನೆಯ ನಿದ್ದೆಯಿಂದಲೇ ಬರುವುದು. ಬೆಳಿಗ್ಗೆ ಒಂದನ್ನು ತಣ್ಣೀರಿಗೆ ಹಾಕಿ ನೋಡಿ. ತೇಲಿದರೆ ತಯಾರು. ಮುಳುಗಿದರೆ ಹೊರಗೆ ಇನ್ನೊಂದು ಅರ್ಧ ಗಂಟೆ ಬಿಡಿ.

ಈಗ ಕುದಿಸುವುದು. ಅಗಲವಾದ ಪಾತ್ರೆಯಲ್ಲಿ ನೀರು ಕುದಿಯಲು ಬಿಟ್ಟು, ಬಣ್ಣ ಚಹಾದಷ್ಟು ಆಗುವವರೆಗೆ ಮಾಲ್ಟ್ ಸಿರಪ್ ಹಾಕುತ್ತೇನೆ. ಪ್ರತಿ ಮಗ್ಗುಲಿಗೆ ಮುಕ್ಕಾಲು ನಿಮಿಷ. ಪೂರಿ ತೆಗೆಯುವ ಜಾಲರಿ ಸೌಟೇ ಸಾಕು. ಬಿಸಿನೀರು ತಗುಲಿದ ಕೂಡಲೇ ಹೊರಮೈಯಲ್ಲಿರುವ ಪಿಷ್ಟ ಬೆಂದು ಅಂಟಾಗಿ ಒಂದು ಪದರ ಕಟ್ಟಿಕೊಳ್ಳುತ್ತದೆ. ಒವನ್ನಿಗೆ ಹೋದಾಗ ಈ ಪದರ ಹಿಟ್ಟನ್ನು ಮನಸ್ಸು ಬಂದಷ್ಟು ಉಬ್ಬಲು ಬಿಡುವುದಿಲ್ಲ. ಒಳಗಿನ ಬಿಗಿ, ಹೊರಗಿನ ಹೊಳಪು ಎರಡಕ್ಕೂ ಇದೇ ಕಾರಣ. ನ್ಯೂಯಾರ್ಕಿನ ನೀರಿನಿಂದಲೇ ಈ ರುಚಿ ಅಂತ ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ನನಗಂತೂ ನಂಬಿಕೆಯಿಲ್ಲ. ನಲ್ಲಿ ನೀರಿಗಿಂತ ಫ್ರಿಜ್ ಮತ್ತು ಕುದಿಯುವ ಪಾತ್ರೆ ಮಾಡುವ ವ್ಯತ್ಯಾಸವೇ ಜಾಸ್ತಿ. ನೀರಿನಿಂದ ತೆಗೆದು, ಒದ್ದೆ ಇರುವಾಗಲೇ ಎಳ್ಳು ಒತ್ತಿ, 230 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ.

ಬೇಗಲ್‌ಗೆ ಈ ಕುದಿಸಿ ಸುಡುವ ಅಭ್ಯಾಸ ಬಂದದ್ದು ಪೋಲೆಂಡಿನಿಂದ. ಕ್ರಾಕೋವ್ ನಗರದ ಬೀದಿಗಳಲ್ಲಿ ಈಗಲೂ ಒಬ್ವಾಝಾನೆಕ್ ಅನ್ನುವ, ಹೊಸೆದು ಹೆಣೆದ ಉಂಗುರಗಳನ್ನು ಗಾಡಿಯಲ್ಲಿಟ್ಟು ಮಾರುತ್ತಾರೆ. ಅದರ ಹೆಸರು 1394ರ ರಾಜಮನೆತನದ ಲೆಕ್ಕಪತ್ರದಲ್ಲೇ ಇದೆ. ಬೇಗಲ್ ಎಂಬ ಹೆಸರು ಕಾಣುವುದು 1610ರಲ್ಲಿ, ಅದೇ ಕ್ರಾಕೋವಿನ ಯಹೂದಿ ಸಮುದಾಯದ ಕಟ್ಟಳೆಗಳಲ್ಲಿ, ಬಾಣಂತಿಯರಿಗೆ ಕೊಡುವ ಉಡುಗೊರೆಯ ಮಾತು ಬಂದಾಗ. ಪೂರ್ವ ಯುರೋಪಿನಿಂದ ಹೊರಟ ಯಹೂದಿಗಳ ಜೊತೆಗೇ ಅದು ನ್ಯೂಯಾರ್ಕಿಗೆ ಬಂತು.

ಆಗ ನ್ಯೂಯಾರ್ಕಿನಲ್ಲಿ ಬೇಗಲ್ ಹೊಸೆಯುವವರದು ಲೋಕಲ್ 338 ಅನ್ನುವ ಯೂನಿಯನ್ ಇತ್ತು. ಸದಸ್ಯರು ಸುಮಾರು 300 ಜನ. ಒಳಗೆ ಸೇರಬೇಕಾದರೆ ಸಾಮಾನ್ಯವಾಗಿ ಸದಸ್ಯರ ಮಗನೋ ನೆಂಟನೋ ಆಗಿರಬೇಕಿತ್ತು. 1951ರ ಡಿಸೆಂಬರಿನಲ್ಲಿ ಜಗಳವಾಗಿ ಊರಿನ ಹೆಚ್ಚಿನ ಬೇಗಲ್ ಬೇಕರಿಗಳು ಮುಚ್ಚಿದಾಗ, ಪತ್ರಿಕೆಗಳು ಬೇಗಲ್ ಬರಗಾಲ ಅಂತ ಬರೆದವು. ಆ ಹಿಡಿತ ಸಡಿಲವಾಗಿದ್ದು ಡೇನಿಯಲ್ ಥಾಂಪ್ಸನ್ ಮಾಡಿದ ಬೇಗಲ್ ಯಂತ್ರದಿಂದ. 1963ರಲ್ಲಿ ಕನೆಕ್ಟಿಕಟ್‌ನ ಲೆಂಡರ್ಸ್ ಬೇಕರಿ ಆ ಯಂತ್ರವನ್ನು ಬಾಡಿಗೆಗೆ ಪಡೆಯಿತು. ಮುಂದೆ ಫ್ರೀಜ್ ಮಾಡಿದ ಬೇಗಲ್ ದೇಶದ ಮೂಲೆಮೂಲೆಗೂ ಹೋಯಿತು. ಬೇಗಲ್ ಗೊತ್ತಿಲ್ಲದವರಿಗೂ ಇಷ್ಟವಾಗಬೇಕಲ್ವಾ, ಹಾಗಾಗಿ ಮೆತ್ತಗಾಯಿತು. ಈಗ ಎಷ್ಟೋ ಕಡೆ ಕುದಿಸುವುದೂ ಇಲ್ಲ, ಒವನ್ನಿನೊಳಗೇ ಹಬೆ ಬಿಟ್ಟು ಮುಗಿಸುತ್ತಾರೆ.

ಕೆನಡಾದ ಮಾಂಟ್ರಿಯಲ್‌ನದು ಬೇರೆಯೇ ದಾರಿ. ಅಲ್ಲಿ ಬೇಗಲ್ ತೆಳ್ಳಗೆ, ತೂತು ದೊಡ್ಡದು, ಹಿಟ್ಟು ಸ್ವಲ್ಪ ಸಿಹಿ. ಜೇನುತುಪ್ಪ ಬೆರೆಸಿದ ನೀರಿನಲ್ಲಿ ಕುದಿಸಿ ಸೌದೆ ಒಲೆಯಲ್ಲಿ ಸುಡುತ್ತಾರೆ. ಫೇರ್‌ಮೌಂಟ್ ಮತ್ತು 1957ರಲ್ಲಿ ಶುರುವಾದ ಸೇಂಟ್ ವಿಯಾಟರ್, ಈ ಎರಡೂ ಬೇಗಲ್ ಅಂಗಡಿಗಳು ಒಂದೇ ಬಡಾವಣೆಯಲ್ಲಿವೆ. ಯಾವುದು ಮೇಲು ಅಂತ ಅಲ್ಲಿನವರು ಜಗಳ ಆಡುತ್ತಲೇ ಇರುತ್ತಾರೆ. 2008ರಲ್ಲಿ ಗ್ರೆಗರಿ ಷಾಮಿಟಾಫ್ ಅನ್ನುವ ಗಗನಯಾತ್ರಿ ಫೇರ್‌ಮೌಂಟಿನ 18 ಎಳ್ಳಿನ ಬೇಗಲ್‌ಗಳನ್ನು ಬಾಹ್ಯಾಕಾಶ ನಿಲ್ದಾಣಕ್ಕೇ ಒಯ್ದರು. ನನ್ನ ಮತ ಮಾಂಟ್ರಿಯಲ್‌ಗೆ, ಆದರೆ ಒಂದು ಷರತ್ತು: ಒಲೆಯಿಂದ ಬಂದ ಬಿಸಿಯಲ್ಲೇ, ಬೀದಿಯಲ್ಲಿ ನಿಂತು, ಏನೂ ಹಚ್ಚದೆ ತಿನ್ನಬೇಕು. ಸಂಜೆಗೆ ಅದು ಒಣಗಿ ಕೂರುತ್ತದೆ. ಮೊಟ್ಟೆ ತಿನ್ನದವರು ಗಮನಿಸಿ, ಆ ಶೈಲಿಯ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ನ್ಯೂಯಾರ್ಕಿನ ಮಾಮೂಲಿ ಬೇಗಲ್‌ಗೆ ಹಾಕುವುದಿಲ್ಲ. ಅಮ್ಮ ಬಂದಿದ್ದಾಗ ನಾನು ಮೊಟ್ಟೆ ಬಿಟ್ಟು ಒಂದು ಚಮಚ ಎಣ್ಣೆ ಜಾಸ್ತಿ ಹಾಕಿ ಮಾಡಿದ್ದೆ. ನ್ಯೂಯಾರ್ಕಿನದನ್ನು ತಿಂದು "ಇದಕ್ಕೆ ಹಲ್ಲು ಗಟ್ಟಿ ಬೇಕು ಮಾರಾಯ್ತಿ" ಅಂದಿದ್ದವರು, ಇದನ್ನು ಎರಡು ತಿಂದರು.

ಲಂಡನ್ನಿನ ಬ್ರಿಕ್ ಲೇನ್‌ನಲ್ಲಿ ಬೇಗಲ್ ಒಳಗೆ ಉಪ್ಪಿನಲ್ಲಿ ನೆನೆಸಿ ಬೇಯಿಸಿದ ದನದ ಮಾಂಸ, ಖಾರದ ಸಾಸಿವೆ ಇಡುತ್ತಾರೆ. ಜೆರುಸಲೇಮಿನ ಉದ್ದುದ್ದ ಎಳ್ಳಿನ ಉಂಗುರವನ್ನು ಕುದಿಸುವುದೇ ಇಲ್ಲ. ಝಾತರ್ ಅನ್ನುವ ಒಣ ಸೊಪ್ಪು, ಎಳ್ಳಿನ ಮಸಾಲೆ ಪುಡಿ ಅದ್ದಿಕೊಂಡು ತಿನ್ನಲು ಚೆನ್ನಾಗಿರುತ್ತದೆ, ಆದರೆ ನನ್ನ ಲೆಕ್ಕದಲ್ಲಿ ಅದು ಬೇರೆ ಜಾತಿ.

ನ್ಯೂಯಾರ್ಕಿನವರ ಕ್ಲಾಸಿಕ್ ಅಂದರೆ ಕ್ರೀಮ್ ಚೀಸ್, ಸಾಮನ್ ಮೀನಿನ ತೆಳು ಹಾಳೆ, ಈರುಳ್ಳಿ, ಕೇಪರ್ಸ್ (ಉಪ್ಪುಹುಳಿಯಲ್ಲಿ ನೆನೆಸಿದ ಸಣ್ಣ ಹೂಮೊಗ್ಗು). ಮೀನು ಬಿಟ್ಟು ಟೊಮೆಟೊ ಇಟ್ಟರೂ ಏನೂ ಕಡಿಮೆಯಾಗುವುದಿಲ್ಲ. ಎಳ್ಳು, ಗಸಗಸೆ, ಒಣ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಎಲ್ಲ ಬೆರೆತ ಎವ್ರಿಥಿಂಗ್ ಬೇಗಲ್‌ಗೆ ನಾನು ಬೆಣ್ಣೆ ಹಚ್ಚಿ ಶೇಂಗಾ ಚಟ್ನಿಪುಡಿ ಉದುರಿಸುತ್ತೇನೆ. ಗಸಗಸೆ ಇಲ್ಲಿ ನೀಲಿಗಪ್ಪು ಬಣ್ಣದ್ದು, ನಮ್ಮ ಬಿಳಿಯದೂ ನಡೆಯುತ್ತದೆ. ಬ್ಲೂಬೆರಿ ಬೇಗಲ್ ಬಗ್ಗೆ ಮಾತೇ ಬೇಡ.

ಊರಿನಲ್ಲಿ ಮಾಡುವವರಿಗೆ: ಬರೀ ಮೈದಾದಲ್ಲಿ ಬಿಗಿ ಬರುವುದಿಲ್ಲ. 500 ಗ್ರಾಂ ಮೈದಾಕ್ಕೆ 25 ಗ್ರಾಂ ಗ್ಲುಟನ್ ಪುಡಿ ಸೇರಿಸಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಮಾಲ್ಟ್ ಸಿರಪ್ ಬದಲು ಕುದಿಯುವ ನೀರಿಗೆ ಎರಡು ಚಮಚ ಜೋನಿಬೆಲ್ಲ ಹಾಕಬಹುದು, ಬಣ್ಣ ಚೆನ್ನಾಗಿ ಬರುತ್ತದೆ.

ಮಾಡಿದ ದಿನ ಟೋಸ್ಟ್ ಮಾಡಬೇಡಿ, ಹಾಗೇ ತಿನ್ನಿ. ಉಳಿದಿದ್ದನ್ನು ಸಂಜೆಯೇ ಅಡ್ಡಕ್ಕೆ ಸೀಳಿ ಫ್ರೀಜರಿನಲ್ಲಿಟ್ಟರೆ ಸೀದಾ ಟೋಸ್ಟರಿಗೆ ಹಾಕಬಹುದು. ಇಡಿಯಾಗಿಟ್ಟು, ಕಲ್ಲಾದ ಮೇಲೆ ಚಾಕು ಹಾಕಲು ಹೋದರೆ ಬೆರಳಿಗೇ ಬರುತ್ತದೆ.