ಇಸಿಜಿ ನಾರ್ಮಲ್ ಬಂದೈತಿ ಅಂತ ಮನಿಗೆ ಹೋಗೂ ಮುಂಚೆ

ಬೀಳಗಿಯಿರಲಿ, ಇಂಡಿಯಿರಲಿ, ಅಥಣಿಯಿರಲಿ, ಎದೆನೋವು ಬಂದ ಮನೆಯಲ್ಲಿ ಮೊದಲು ಕೇಳಿಬರುವ ಮಾತು ಒಂದೇ: 'ಗ್ಯಾಸ್ ಆಗಿರಬೇಕು ತಗೋ, ಒಂದ್ ಸೋಡಾ ಕುಡಿ.' ಸಂಜೆ ಮಿರ್ಚಿ ಭಜಿ ತಿಂದಿದ್ದರಂತೂ ಆ ಮಾತಿಗೆ ಎದುರೇ ಇಲ್ಲ. ಎದೆಯ ನಡುವೆ ಕಲ್ಲು ಹೇರಿದಂತಾಗಿ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹಬ್ಬಿ, ತಣ್ಣನೆ ಬೆವರು ಒಡೆದರೆ ಸೋಡಾ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ. ಬೆವರಿಲ್ಲದಿದ್ದರೂ ಕೂತು ಐದು ನಿಮಿಷದೊಳಗೆ ನೋವು ಇಳಿಯದಿದ್ದರೆ ಅದೇ ಕೆಲಸ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ದಮ್ಮು, ವಾಂತಿ, ವಿಪರೀತ ಸುಸ್ತು ಬಂದು ಹೃದಯಾಘಾತ ಆಗುವುದುಂಟು.

ಗಾಡಿ ಬರುವತನಕ ರೋಗಿ ನಡೆಯಬಾರದು, ಮೆಟ್ಟಿಲು ಹತ್ತಬಾರದು, ಬೈಕ್ ಹಿಂದೆ ಕೂರಬಾರದು. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ ಇಲ್ಲದವರಿಗೆ 300 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಲು ಕೊಡಬಹುದು. 108ರವರನ್ನೇ ಕೇಳಿ ಕೊಟ್ಟರೆ ಇನ್ನೂ ಒಳ್ಳೆಯದು. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಗುಳಿಗೆ ಡಾಕ್ಟರು ಮೊದಲೇ ಬರೆದುಕೊಟ್ಟಿದ್ದವರಿಗೆ ಮಾತ್ರ, ಅದೂ ಕೂತುಕೊಂಡೇ. ಬಿಪಿ ದಿಢೀರನೆ ಇಳಿದು ಬೀಳುವವರಿದ್ದಾರೆ. ಓಣಿಯ ಡಾಕ್ಟರ ಹತ್ತಿರ 'ಒಂದ್ ಸೂಜಿ' ಮಾಡಿಸಿಕೊಂಡು ಹೋಗುವ ರೂಢಿಯನ್ನಂತೂ ಬಿಡಲೇಬೇಕು. ಮುಂದೆ ರಕ್ತದ ಹೆಪ್ಪು ಕರಗಿಸುವ ಔಷಧ ಕೊಟ್ಟಾಗ ಸೊಂಟಕ್ಕೆ ಚುಚ್ಚಿದ ಜಾಗದಲ್ಲೇ ಮಾಂಸದೊಳಗೆ ರಕ್ತ ಸುರಿಯಬಹುದು.

ಎಲ್ಲಿಗೆ ಹೋಗಬೇಕು? ಮಿರಜ್, ಸೊಲ್ಲಾಪುರ, ಬೆಳಗಾವಿ ಅಂತ ನೇರವಾಗಿ ಗಾಡಿ ಓಡಿಸುವವರೇ ಹೆಚ್ಚು. ಹತ್ತಿರದಲ್ಲಿ ಇಸಿಜಿ (ಹೃದಯದ ವಿದ್ಯುತ್ ಚಲನೆಯನ್ನು ಕಾಗದದ ಮೇಲೆ ಗೆರೆಯಾಗಿ ತೋರಿಸುವ ಪರೀಕ್ಷೆ) ತೆಗೆಯುವ ಆಸ್ಪತ್ರೆ ಯಾವುದಿದೆಯೋ ಮೊದಲು ಅಲ್ಲಿಗೆ ಹೋಗಿ. ರಕ್ತನಾಳ ಪೂರ್ತಿ ಮುಚ್ಚಿದ್ದರೆ, ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯುವುದು) ಆಗುವ ಹಾಗಿಲ್ಲದಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಆ ಕ್ಷಣಕ್ಕೆ ಬೇಕಾದ ಚಿಕಿತ್ಸೆ. ನೋವು ಶುರುವಾದ ಮೊದಲ ಮೂರು ಗಂಟೆಯಲ್ಲಿ ಅದರ ಫಲ ಹೆಚ್ಚು, 12 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೂರದ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲೂಕಿನಲ್ಲಿ ಇದೆಯೇ ಎಂದು ಆರಾಮಿದ್ದಾಗಲೇ ವಿಚಾರಿಸಿಡಿ. ಇಂಜೆಕ್ಷನ್ ಆದ ಮೇಲೆ ದೊಡ್ಡ ಊರಿಗೆ ಹೋಗುವುದು ಇದ್ದೇ ಇದೆ.

ಇನ್ನು ಇಸಿಜಿ ಮಾತು. ಇಸಿಜಿ ಹೇಳುವುದು ಆ ಹತ್ತು ಸೆಕೆಂಡಿನ ಕಥೆ ಮಾತ್ರ. ನೋವು ಶುರುವಾದ ಅರ್ಧ ಗಂಟೆಗೆ ತೆಗೆದದ್ದು ನಾರ್ಮಲ್ ಬಂದು, ಒಂದು ಗಂಟೆ ಬಿಟ್ಟು ತೆಗೆದದ್ದರಲ್ಲಿ ಆಘಾತ ಎದ್ದು ಕಾಣಬಹುದು. ರಕ್ತದ ಟ್ರೋಪೋನಿನ್ ಪರೀಕ್ಷೆಯೂ ಅಷ್ಟೇ: ಹೃದಯದ ಸ್ನಾಯುವಿಗೆ ಪೆಟ್ಟಾದ ಮೇಲೆ ಆ ಪ್ರೋಟೀನ್ ರಕ್ತದಲ್ಲಿ ಏರಲು ಕೆಲವು ಗಂಟೆ ಹಿಡಿಯುತ್ತದೆ, ಅದಕ್ಕೇ ಎರಡು ಸಲ ಮಾಡುತ್ತಾರೆ. ನೋವು ಇದ್ದೇ ಇದ್ದರೆ, 'ಇನ್ನೊಮ್ಮೆ ಇಸಿಜಿ ತೆಗಿತೀರೇನ್ರಿ? ಟ್ರೋಪೋನಿನ್ ಮಾಡ್ತೀರೇನ್ರಿ?' ಎಂದು ಕೇಳಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಆ ಹಾಳೆಯನ್ನು ಕಾಪಾಡುವುದೂ ಒಂದು ಕೆಲಸ. ಬಹುತೇಕ ಇಸಿಜಿ ಬರುವುದು ಬಸ್ ಟಿಕೆಟ್ ಥರದ ಥರ್ಮಲ್ ಕಾಗದದ ಮೇಲೆ. ವಿಜಯಪುರದ ಬಿಸಿಲಿಗೆ, ಬೈಕಿನ ಡಿಕ್ಕಿಯೊಳಗೆ, ಗೆರೆ ಮಾಸಿ ಹೋಗುತ್ತದೆ. ಜೋಪಾನ ಅಂತ ಲ್ಯಾಮಿನೇಷನ್ ಮಾಡಿಸಿದರೆ ಇಡೀ ಹಾಳೆ ಕರ್ರಗಾಗುತ್ತದೆ. ತೆಗೆದ ದಿನವೇ ಹೆಸರು, ತಾರೀಖು, ಸಮಯ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೊ ಹೊಡೆದು, ಒಂದು ಝೆರಾಕ್ಸ್ ಮಾಡಿಸಿಡಿ. ಮುಂದಿನ ಸಲ ನೋವು ಬಂದಾಗ ಡಾಕ್ಟರಿಗೆ ಹಳೇ ಇಸಿಜಿಯಷ್ಟು ಉಪಯೋಗದ ಕಾಗದ ಇನ್ನೊಂದಿಲ್ಲ.

ಯಾವ ಪರೀಕ್ಷೆ ಏನು ನೋಡುತ್ತದೆ ಎಂಬುದಕ್ಕೆ ಬಾವಿಯ ಪಂಪ್‌ಸೆಟ್ಟನ್ನೇ ನೆನೆಸಿಕೊಳ್ಳಿ. ಮೋಟಾರಿಗೆ ನೀರು ಹರಿಸುವ ಕಸುವು ಇಲ್ಲದಿರುವುದು ಹೃದಯ ವೈಫಲ್ಯ. ಫುಟ್‌ವಾಲ್ವ್ ಸೋರುವುದು ಅಥವಾ ಬಿಗಿಯುವುದು ಕವಾಟದ ರೋಗ. ಸ್ಟಾರ್ಟರ್ ತಪ್ಪಿತಪ್ಪಿ ಹೊಡೆಯುವುದು ಬಡಿತದ ತೊಂದರೆ. ಮೋಟಾರಿಗೆ ಬರುವ ಕರೆಂಟಿನ ತಂತಿಯೇ ಸವೆದಿರುವುದು ಬ್ಲಾಕ್, ಅಂದರೆ ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮೋಟಾರನ್ನೂ ವಾಲ್ವನ್ನೂ ನೋಡುತ್ತದೆ, ಬ್ಲಾಕನ್ನು ನೇರವಾಗಿ ನೋಡುವುದಿಲ್ಲ. ಎದೆ ಡವಡವ ಆಗಾಗ ಬಂದು ಹೋಗುವವರಿಗೆ 24 ಗಂಟೆ ಮೈಗೆ ಕಟ್ಟಿಕೊಳ್ಳುವ ಇಸಿಜಿ ಯಂತ್ರ, ಹೋಲ್ಟರ್ ಬೇಕು. ಡವಡವ ಆದ ಸಮಯವನ್ನು ಚೀಟಿಯಲ್ಲಿ ಬರೆದಿಡದಿದ್ದರೆ ಅದರ ಅರ್ಧ ಉಪಯೋಗ ಹೋದಂತೆ.

ಎಕೋ ರಿಪೋರ್ಟ್ ಓದಿ ಹೆದರುವವರು ಬಹಳ. ಇಎಫ್ 60 ಅಂತಿದ್ದರೆ 'ಹೃದಯ ನೂರಕ್ಕ 40 ಹೋಗೇತಿ' ಎಂದು ಅಳುತ್ತ ಬರುತ್ತಾರೆ. ಒಂದು ಬಡಿತಕ್ಕೆ ಎಡ ಕೋಣೆಯಲ್ಲಿನ ರಕ್ತದಲ್ಲಿ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದು. ಸುಮಾರು 55ರಿಂದ 70 ಇದ್ದರೆ ಸರಿಯಾಗಿದೆ. 40ರ ಕೆಳಗಿದ್ದರೆ ಮೋಟಾರು ಸೋತಿದೆ. 'ಟ್ರಿವಿಯಲ್ ಟಿಆರ್' (ಒಂದು ಕವಾಟದಲ್ಲಿ ಅತ್ಯಲ್ಪ ಸೋರಿಕೆ), 'ಗ್ರೇಡ್ 1 ಡಯಾಸ್ಟೊಲಿಕ್ ಡಿಸ್‌ಫಂಕ್ಷನ್' (ಹೃದಯ ಸಡಿಲಗೊಳ್ಳುವುದು ಸ್ವಲ್ಪ ನಿಧಾನ) ಎಂಬ ಬರಹ 60 ವರ್ಷ ದಾಟಿದ ಎಷ್ಟೋ ಜನರ ರಿಪೋರ್ಟಿನಲ್ಲಿ ಇರುತ್ತದೆ. ಅಷ್ಟರಿಂದಲೇ ಗಾಬರಿಯಾಗಬೇಕಿಲ್ಲ, ಬಿಪಿ ನೋಡಿಸಿಕೊಳ್ಳಿ.

ಟಿಎಂಟಿಗೆ (ಓಡುವ ಬೆಲ್ಟಿನ ಮೇಲೆ ನಡೆಸುತ್ತ ಇಸಿಜಿ ತೆಗೆಯುವ ಪರೀಕ್ಷೆ) ಎರಡು-ಮೂರು ಗಂಟೆ ಮೊದಲು ಹಗುರ ತಿಂಡಿ ತಿಂದು, ಬೂಟು ಹಾಕಿಕೊಂಡು ಹೋಗಿ. ಸೀರೆ, ಧೋತರದಲ್ಲಿ ಓಡುವ ಬೆಲ್ಟಿನ ಮೇಲೆ ನಡೆಯುವುದು ಅಪಾಯ. ಮೂರು ಮೂರು ನಿಮಿಷಕ್ಕೆ ವೇಗ, ಏರು ಎರಡೂ ಹೆಚ್ಚುತ್ತವೆ. 220ರಲ್ಲಿ ವಯಸ್ಸು ಕಳೆದು ಬಂದದ್ದರ ನೂರಕ್ಕೆ 85ರಷ್ಟು ಬಡಿತ ಮುಟ್ಟಬೇಕು: 50 ವರ್ಷದವರಿಗೆ ಸುಮಾರು 145. ಮೊಣಕಾಲು ನೋವಿಗೆ ನಡುವೆಯೇ ನಿಲ್ಲಿಸಿದರೆ ಆ ರಿಪೋರ್ಟಿಗೆ ಅರ್ಥವಿಲ್ಲ. ಮೆಟೊಪ್ರೊಲಾಲ್ ಥರದ, ಬಡಿತ ನಿಧಾನ ಮಾಡುವ ಗುಳಿಗೆ ತಿನ್ನುವವರು ಅವತ್ತು ಬಿಡಬೇಕೇ ಎಂದು ಕೇಳಿಕೊಂಡೇ ಹೋಗಿ. ಟಿಎಂಟಿ ಸರಿ ಬಂದರೂ ನಾಳ ಶುದ್ಧ ಎಂದಲ್ಲ. ನಾಳದಲ್ಲಿ ನೂರಕ್ಕೆ 40ರಷ್ಟೇ ಕಟ್ಟಿದ ಕೊಬ್ಬು ಓಟದಲ್ಲಿ ಸುಳಿವು ಕೊಡದೆ, ಒಂದು ದಿನ ಒಡೆದು ಹೆಪ್ಪಾಗಬಹುದು.

ಆಂಜಿಯೋಗ್ರಾಂ, ಅಂದರೆ ನಾಳಕ್ಕೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇಯಲ್ಲಿ ಬ್ಲಾಕ್ ನೋಡುವುದು, ಈಗ ಹೆಚ್ಚಾಗಿ ಮಣಿಕಟ್ಟಿನಿಂದಲೇ ಆಗುತ್ತದೆ. ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ಒಯ್ಯಿರಿ, ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆಯ ಗುಳಿಗೆ ಮೆಟ್‌ಫಾರ್ಮಿನ್ ವಿಷಯ ಮೊದಲೇ ಹೇಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಸ್ಟೆಂಟ್ (ನಾಳ ತೆರೆದಿಡುವ ಜಾಲರಿ ಕೊಳವೆ) ಹಾಕಿದ್ದರೆ ರಕ್ತ ತೆಳು ಮಾಡುವ ಎರಡು ಗುಳಿಗೆ ಆರು ತಿಂಗಳಿಂದ ವರ್ಷದವರೆಗೆ ಇರುತ್ತವೆ. ಹಲ್ಲು ಕೀಳಿಸಲೆಂದು ತಾವೇ ಬಿಟ್ಟವರಿಗೆ ಸ್ಟೆಂಟೇ ಮುಚ್ಚಿ ಮತ್ತೆ ಆಘಾತ ಆಗುವುದುಂಟು.

ತಡೆಯುವ ಮಾತಿಗೆ ಬಂದರೆ ಮೊದಲು ಬಿಡಬೇಕಾದದ್ದು ತಂಬಾಕು, ಬೀಡಿ ಗುಟ್ಕಾ ಎರಡೂ. ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳು, ಬುತ್ತಿಯ ಜೊತೆಯ ಹಸಿ ಮೂಲಂಗಿ ಎಲ್ಲ ಒಳ್ಳೆಯವೇ. ಉಪ್ಪು ಏರುವುದು ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ ಸಂಡಿಗೆಯಿಂದ. ಇಡೀ ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಚಹಾ ಚಮಚ. ಬಿಪಿ ನೋಡುವಾಗ ಚಹಾ ಕುಡಿದು ಅರ್ಧ ಗಂಟೆಯಾಗಿರಲಿ, ಐದು ನಿಮಿಷ ಸುಮ್ಮನೆ ಕೂತು, ಕಾಲು ನೆಲಕ್ಕೂರಿ, ಕೈ ಎದೆಮಟ್ಟಕ್ಕಿಟ್ಟು ಎರಡು ಸಲ ನೋಡಿ. ಮನೆಯಲ್ಲಿ ಪದೇ ಪದೇ 135/85 ದಾಟಿದರೆ ಡಾಕ್ಟರಿಗೆ ತೋರಿಸಿ.

ಹೃದಯ ವೈಫಲ್ಯದವರು ಬೆಳಿಗ್ಗೆ ಉಚ್ಚೆಗೆ ಹೋಗಿ ಬಂದು, ಚಹಾಕ್ಕೂ ಮುಂಚೆ, ತೂಕ ಬರೆದಿಡಿ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ನೀರು. ಮುಂಗಾಲ ಎಲುಬಿನ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ಬಿಡಿ, ಕುಳಿ ಉಳಿದರೆ ಬಾವು ಬಂದಿದೆ. ಏಪ್ರಿಲ್-ಮೇನಲ್ಲಿ ಇದರ ಉಲ್ಟಾ ಕಾಟ: ನೀರಿಳಿಸುವ ಗುಳಿಗೆ ಅದೇ ಇದೆ, ಬೆವರಿನಲ್ಲೂ ನೀರು ಹೋಗುತ್ತಿದೆ, ಕುಡಿಯುವ ನೀರಿಗೆ ಮಿತಿ ಬೇರೆ. ಎದ್ದು ನಿಂತರೆ ಕಣ್ಣು ಕತ್ತಲೆ, ತೂಕ ದಿಢೀರ್ ಇಳಿಕೆ ಕಂಡರೆ ಬೇಸಿಗೆಗೆ ಗುಳಿಗೆಯ ಪ್ರಮಾಣ ಕಡಿಮೆ ಮಾಡಬೇಕೇ ಎಂದು ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ.